ಎರಡೂ ಕಡೆ ತಲೆ

ಜಗತ್ತಿನಲ್ಲಿ ಇದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದ ವಸ್ತುವೊಂದನ್ನು ಹುಡುಕಿಯೇ ತೀರುತ್ತೇನೆ ಎಂದು ಪಣ ತೊಟ್ಟ ದಿನ, ನಾನು ಕನ್ನಡಿಯ ಮುಂದೆ ನಿಂತು ನನಗೆ ನಾನೇ ಒಂದು ನಮಸ್ಕಾರ ಹಾಕಿಕೊಂಡೆ. ಹೊಸ ಖಂಡಗಳನ್ನು ಕಂಡುಹಿಡಿಯಲು ಹೊರಟವರೂ ಹಡಗು ಹತ್ತುವ ಮುನ್ನ ಹೀಗೆಯೇ ಮಾಡಿರಬೇಕು!

ಆ ವಸ್ತು ಒಂದು ನಾಣ್ಯ. ಬಹಳ ಹಿಂದೆ ಚಲಾವಣೆಯಲ್ಲಿದ್ದ ದಪ್ಪನೆಯ ಹಿತ್ತಾಳೆ ನಾಣ್ಯ; ಒಂದು ಕಡೆ ಗಡ್ಡದ ರಾಜನೊಬ್ಬನ ತಲೆ, ಇನ್ನೊಂದು ಕಡೆ ಅಂಕಿ. ಅಂಥವು ಹಳೆಯ ಡಬ್ಬಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಒಂದು ಮಧ್ಯಾಹ್ನ ಊಟ ಜಾಸ್ತಿಯಾಗಿ ಟಂಕಸಾಲೆಯ ಕೆಲಸಗಾರನೊಬ್ಬ ತೂಕಡಿಸಿದನಂತೆ, ಅಚ್ಚು ಅದಲುಬದಲಾಯಿತಂತೆ, ಎರಡೂ ಕಡೆ ತಲೆಯೇ ಇರುವ ಕೆಲವು ನಾಣ್ಯಗಳು ಹೊರಬಿದ್ದವಂತೆ. ಅದನ್ನು ಕಂಡವರು ಯಾರೂ ಇಲ್ಲ; ಕಂಡವರನ್ನು ಕಂಡವರು ಬೀದಿಗೊಬ್ಬರಿದ್ದಾರೆ. ನಮ್ಮ ಕ್ಷೌರಿಕನೊಬ್ಬ ಮಾತ್ರ ಕಣ್ಣಾರೆ ನೋಡಿದ್ದಾನೆ. ಆದರೆ ಗಿರಾಕಿಯ ಕೈಯಲ್ಲಿದ್ದದ್ದನ್ನು ಕನ್ನಡಿಯೊಳಗೆ ನೋಡಿದ್ದರಿಂದ, ಒಂದೇ ತಲೆ ಎರಡಾಗಿ ಕಂಡಿರಲೂಬಹುದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ.

ನಮ್ಮ ಊರಿನ ನಾಣ್ಯಪ್ರಿಯರ ಕೂಟದಲ್ಲಿ ನಾನು ಹಿರಿಯ ಸದಸ್ಯ. ಅಧ್ಯಕ್ಷರು ವೃತ್ತಿಯಿಂದ ಹಲ್ಲಿನ ಡಾಕ್ಟರು. 'ಆ ನಾಣ್ಯ ಸಿಕ್ಕವರ ಫೋಟೋ ಈ ಗೋಡೆಯ ಮೇಲೆ' ಎಂದು ಅವರು ಖಾಲಿ ಮೊಳೆಯೊಂದನ್ನು ತೋರಿಸಿದಾಗ, ಆ ಮೊಳೆ ನನ್ನನ್ನೇ ಕರೆದಂತಾಯಿತು.

ನನಗೆ ಕೆಲಸ ಅಂಚೆ ಕಚೇರಿಯ ಸ್ಟಾಂಪಿನ ಕೌಂಟರಿನಲ್ಲಿ. ಅಲ್ಲಿಗೆ ಬರುವ ಚಿಲ್ಲರೆಯಲ್ಲಿ ಹಳೆಯದೊಂದು ನುಸುಳಿ ಬರಬಾರದೆಂದೇನಿದೆ? ಆ ದಿನದಿಂದ ಕೈಗೆ ಬಂದ ಪ್ರತಿ ನಾಣ್ಯವನ್ನೂ ತಿರುಗಿಸಿ, ಮತ್ತೆ ಮಗುಚಿ ನೋಡತೊಡಗಿದೆ. ಸಾಲು ಬೆಳೆದು ಬಾಗಿಲು ದಾಟಿ ಬೀದಿಗೆ ಹೋಯಿತು. ಮುದುಕರೊಬ್ಬರು ತಾಳ್ಮೆ ಕಳೆದುಕೊಂಡು, ಎಷ್ಟು ತಿರುಗಿಸಿದರೂ ಅದರ ಬೆಲೆ ಅಷ್ಟೇ ಸ್ವಾಮಿ, ಸ್ಟಾಂಪು ಕೊಡಿ ಎಂದರು. ಅಂಚೆ ಮಾಸ್ತರರು ನನ್ನನ್ನು ಕೌಂಟರಿನಿಂದ ಎಬ್ಬಿಸಿ, ನಾಣ್ಯದ ಗಾಳಿಯೂ ಸೋಕದ ಪಾರ್ಸೆಲ್ ಕೋಣೆಗೆ ಅಟ್ಟಿದರು. ಸಾಧಕರಿಗೆ ಅಡ್ಡಿಗಳು ಸಹಜ ಎಂದುಕೊಂಡು, ದಿನಸಿ ತರಲು ಹೊರಟವನು ನೋಟನ್ನೆಲ್ಲ ಅಂಗಡಿಗಳಲ್ಲಿ ಚಿಲ್ಲರೆ ಮಾಡಿಸಿ ಚೀಲ ತುಂಬ ಹೊತ್ತು ತಂದೆ.

ಹೆಂಡತಿ ಚೀಲದೊಳಗೆ ಇಣುಕಿದಳು.

"ಅಕ್ಕಿ ಎಲ್ಲಿ ರೀ?"

ನಾನು ಶೋಧನೆಯ ಮಹತ್ವವನ್ನು ವಿವರಿಸಿದೆ. ಪೂರ್ತಿ ಕೇಳಿದಳು.

"ಎರಡೂ ಕಡೆ ತಲೆ ಇರೋ ನಾಣ್ಯ ಹುಡುಕೋದಕ್ಕೆ, ಹುಡುಕೋರಿಗೆ ಒಂದು ಕಡೆನಾದ್ರೂ ತಲೆ ಇರ್ಬೇಕಲ್ವಾ?"

ನಾನು ಚೀಲವನ್ನು ಚಾಪೆಯ ಮೇಲೆ ಸುರಿದು, ಒಂದೊಂದೇ ನಾಣ್ಯ ತಿರುಗಿಸತೊಡಗಿದೆ.

ಇಲ್ಲಿ ನಮ್ಮ ಮನೆಯ ಭೂಗೋಳ ಹೇಳಬೇಕು. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಅವಳ ಹೊಲಿಗೆ ಮೆಷಿನ್ನು ಇದ್ದದ್ದು ಬಚ್ಚಲಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ. ಅಳತೆ ಕೊಡಲು ಬಂದವರು ಬಕೆಟ್ಟು ದಾಟಿ, ನೆನೆದ ಟವೆಲ್ಲಿಗೆ ತಲೆಬಾಗಿ ಒಳಗೆ ಬರಬೇಕು. ಬಿಸಿಲು ಧಾರಾಳವಾಗಿ ಬೀಳುವ ಮುಂದಿನ ಕೋಣೆಯಲ್ಲಿ ನನ್ನ ನಾಣ್ಯದ ಡಬ್ಬಿಗಳು ಕಾಲು ಚಾಚಿಕೊಂಡು ಕೂತಿದ್ದವು. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿ ಕಣ್ಣು ಸೋತಿದೆ, ಆ ಕೋಣೆ ನನಗೆ ಕೊಡಿ ಎಂದು ಅವಳು ಕೇಳುತ್ತಿದ್ದಳು. ಅದು ಮುಂದೆ ಸಂಗ್ರಹಾಲಯವಾಗಲಿದೆ ಎಂದು ನಾನು ಹೇಳುತ್ತಿದ್ದೆ.

ಒಂದು ಭಾನುವಾರ ಈ ಮಾತು ಏರಿತು. "ಟಾಸ್ ಹಾಕೋಣ" ಎಂದಳು.

ಇದು ಮದುವೆಯಾದಾಗಿನಿಂದ ನಮ್ಮ ಮನೆಯ ಪದ್ಧತಿ. ಚರ್ಚೆ ಜಗಳವಾಗುವ ಮುನ್ನ ಅವಳು ಸೂಜಿಡಬ್ಬಿಯಿಂದ ತನ್ನ ಹಳೆಯ ನಾಣ್ಯ ತೆಗೆದು ಚಿಮ್ಮುತ್ತಾಳೆ, ಅಂಗೈಯಲ್ಲಿ ಹಿಡಿದು ತೋರಿಸುತ್ತಾಳೆ, ಮತ್ತೆ ಡಬ್ಬಿಗೆ ಹಾಕುತ್ತಾಳೆ. ಅವಳದು ತಲೆ, ನನ್ನದು ಅಂಕಿ. ಲೆಕ್ಕದ ಮೇಲೆ ನಂಬಿಕೆಯಿಟ್ಟವನು ನಾನು. ಇವತ್ತಲ್ಲ ನಾಳೆ ಅಂಕಿ ಬಿದ್ದೇ ಬೀಳಬೇಕು.

ಅವಳು ಚಿಮ್ಮಿದಳು. ಬೆರಳಿಗೆ ಹೊಲಿಗೆಯ ಟೋಪಿ ಸಿಕ್ಕಿಸಿಕೊಂಡಿದ್ದರಿಂದ ಹಿಡಿತ ತಪ್ಪಿತು. ನಾಣ್ಯ ನೆಲಕ್ಕೆ ಬಿದ್ದು ಉರುಳುತ್ತ ಬೀರುವಿನ ಅಡಿಗೆ ಸೇರಿಕೊಂಡಿತು. ನಾನು ಹೊಟ್ಟೆಯ ಮೇಲೆ ಮಲಗಿ, ಕೈ ತೂರಿಸಿ, ಧೂಳಿನ ಸಮೇತ ಹೊರಗೆ ತೆಗೆದೆ. ತಲೆ. ಕೈಗಂಟಿದ ಚಟ ನೋಡಿ, ತಿರುಗಿಸಿದೆ. ತಲೆ.

ಮತ್ತೆ ತಿರುಗಿಸಿದೆ. ಗಡ್ಡದ ರಾಜ ಆ ಕಡೆಯಿಂದಲೂ ನನ್ನನ್ನೇ ನೋಡುತ್ತಿದ್ದ.

ಮೊದಲು ಬಂದದ್ದು ಆನಂದ. ಸಿಕ್ಕಿತು! ಗೋಡೆಯ ಮೊಳೆ, ನನ್ನ ಫೋಟೋ, ಹಾರ! ಮಲಗಿದ್ದಲ್ಲೇ ಅಧ್ಯಕ್ಷರಿಗೆ ಫೋನು ಮಾಡಿ, ಕೂಡಲೇ ಹೊರಟು ಬನ್ನಿ ಎಂದೆ. ಫೋನು ಇಟ್ಟ ಮೇಲೆ ಎರಡನೆಯ ವಿಚಾರ ಮೆಲ್ಲಗೆ ಒಳಗೆ ಬಂತು. ಗೋಡೆಗೆ ಗಿಣಿಹಸಿರು ಬಣ್ಣ ಬಂದದ್ದು ಟಾಸಿನಿಂದ. ನನ್ನ ಸ್ಕೂಟರು ಮಾರಿದ್ದು ಟಾಸಿನಿಂದ. ಮಂಚದಲ್ಲಿ ಕಿಟಕಿಯ ಪಕ್ಕ ಅವಳ ಪಾಲಾದದ್ದು ಟಾಸಿನಿಂದ. ಮತ್ತು ನನ್ನ ಮೀಸೆ! ಅಯ್ಯೋ, ನನ್ನ ಮೀಸೆ ಹೋದದ್ದೂ ಟಾಸಿನಿಂದಲೇ!

"ಏನೇ ಇದು?" ಎಂದೆ, ನೆಲದಿಂದಲೇ.

ಅವಳು ಗುಂಡಿ ಹೊಲಿಯುತ್ತ ಕೂತಿದ್ದಳು. "ನೀವು ಇವತ್ತು ತಿರುಗಿಸ್ತೀರಿ, ನಾಳೆ ತಿರುಗಿಸ್ತೀರಿ ಅಂತ ಮದುವೆ ಆದಾಗಿಂದ ಕಾಯ್ತಾ ಇದ್ದೀನಿ. ಊರವರ ಚಿಲ್ಲರೆಯೆಲ್ಲ ತಿರುಗಿಸಿದ್ರಿ."

ನಾನು ಎದ್ದು ನಿಂತು, ಧೂಳು ಕೊಡವಿ, ಈ ಟಾಸು ಅಸಿಂಧು ಎಂದು ಘೋಷಿಸಿದೆ. ಅವಳು ಒಪ್ಪಿದಳು. ಅಷ್ಟೇ ಅಲ್ಲ, ಹೊಸ ಪಂದ್ಯ ಕಟ್ಟಿದಳು. ನಾಣ್ಯ ಟಂಕಸಾಲೆಯಲ್ಲೇ ಹೀಗೆ ಹುಟ್ಟಿದ್ದಾದರೆ ಕೋಣೆ ನನಗೆ, ಸಂಗ್ರಹಾಲಯ ಮಾಡಿಕೊಳ್ಳಬಹುದು. ಯಾರೋ ಕಿಲಾಡಿ ಎರಡು ನಾಣ್ಯ ಉಜ್ಜಿ ಬೆಸೆದದ್ದಾದರೆ ಕೋಣೆ ಅವಳಿಗೆ. ನಾನು ಕೈ ಮೇಲೆ ಕೈ ಹಾಕಿದೆ.

ಡಾಕ್ಟರು ಅರ್ಧ ತಿಂದ ಊಟ ಬಿಟ್ಟು ಓಡಿ ಬಂದರು. ಹಲ್ಲು ನೋಡುವ ಪುಟ್ಟ ಕನ್ನಡಿಯಿಂದ ನಾಣ್ಯದ ಅಂಚನ್ನು ಸುತ್ತ ಪರೀಕ್ಷಿಸಿದರು, ಕೊಕ್ಕೆಯಿಂದ ಕೆರೆದರು, ತಟ್ಟಿ ಸದ್ದು ಕೇಳಿದರು. ಅಭ್ಯಾಸಬಲದಿಂದ "ನೋವಿದೆಯಾ?" ಎಂದೂ ಕೇಳಿದರು. ತೂಕ ಸರಿ. ಸದ್ದು ಸರಿ. ಬೆಸುಗೆ ಕಾಣುವುದಿಲ್ಲ. ಆದರೆ ಒಳ್ಳೆಯ ಕೈಯಾದರೆ ಕಾಣದ ಹಾಗೂ ಬೆಸೆಯಬಲ್ಲದು ಎಂದು ನಿಟ್ಟುಸಿರು ಬಿಟ್ಟರು.

"ಬಾಯಿ ತೆರೆಸದೆ ಹೇಳೋಕಾಗಲ್ಲ. ಅಡ್ಡಡ್ಡ ಕುಯ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತೆ" ಎಂದು ಚೀಲದಿಂದ ಸಣ್ಣ ಗರಗಸ ತೆಗೆದು ನನ್ನ ಕೈಗಿತ್ತರು.

ಈ ನಾಣ್ಯ ನಿನಗೆ ಎಲ್ಲಿಂದ ಬಂತು ಎಂದು ಆಗ ಮೊದಲ ಬಾರಿಗೆ ಹೆಂಡತಿಯನ್ನು ಕೇಳಿದೆ. ಅದು ನಮ್ಮ ಅತ್ತೆಯವರದಂತೆ. ಅವರೂ ಮನೆಯಲ್ಲಿ ಟಾಸು ಹಾಕುತ್ತಿದ್ದರಂತೆ. ಅವರು ತೀರಿಹೋದ ಮೇಲೆ ಮಾವನವರು ಡಬ್ಬಿ ಚೊಕ್ಕಟ ಮಾಡುವಾಗ ಸುಮ್ಮನೆ ತಿರುಗಿಸಿ ನೋಡಿದರಂತೆ.

"ಅಮ್ಮ ಹೋದ್ಮೇಲೆ ಅಪ್ಪ ನಕ್ಕಿದ್ದು ಅವತ್ತೇ ಮೊದಲು," ಎಂದಳು ಅವಳು. "ನಕ್ಕು ನಕ್ಕು ಕಣ್ಣೊರೆಸಿಕೊಂಡು, ನನ್ನ ಕೈಗಿಟ್ರು. ಕುಯ್ಯೋದಾದ್ರೆ ಕುಯ್ಯಿರಿ, ಪಂದ್ಯ ಪಂದ್ಯಾನೇ. ನಾನು ಬೇಡ ಅನ್ನಲ್ಲ."

ಬೇಡ ಅಂದಿದ್ದರೆ ಖಂಡಿತ ಕುಯ್ಯುತ್ತಿದ್ದೆ. ಗರಗಸವನ್ನು ರಾಜನ ಗಡ್ಡದ ಮೇಲಿಟ್ಟೆ. ಡಾಕ್ಟರು ಉಸಿರು ಬಿಗಿಹಿಡಿದರು. ಒಳಗೆ ಏನಿದೆಯೋ ತಿಳಿಯುವ ಕುತೂಹಲದಿಂದ ನನ್ನ ಬೆರಳುಗಳಲ್ಲಿ ನವೆ ಏಳುತ್ತಿತ್ತು. ಹೆಂಡತಿ ಗುಂಡಿ ಹೊಲಿಯುತ್ತಲೇ ಇದ್ದಳು. ಆದರೆ ಆಗಲೇ ಹೊಲಿದು ಮುಗಿದ ಗುಂಡಿಯನ್ನೇ ಮತ್ತೆ ಹೊಲಿಯುತ್ತಿದ್ದಳು.

ಗರಗಸವನ್ನು ಡಾಕ್ಟರಿಗೆ ವಾಪಸು ಕೊಟ್ಟೆ. ಮೊಂಡಾಗಿದೆ ಎಂದೆ. ಅವರು ಅಂಚನ್ನು ಮುಟ್ಟಿ ನೋಡಿ, ಹೊಚ್ಚ ಹೊಸದು ಎಂದು ಗೊಣಗುತ್ತ ಹೋದರು. ಅಸಲಿ ಎಂದು ಸಾಬೀತಾಗದೆ ನನಗೆ ಕೋಣೆ ಎಲ್ಲಿಯದು? ಸಂಜೆಯೊಳಗೆ ಡಬ್ಬಿಗಳು ಮಂಚದಡಿಗೆ ಹೋದವು, ಮೆಷಿನ್ನು ಬಿಸಿಲಿಗೆ ಬಂತು. ಅದನ್ನು ಹೊತ್ತವನು ನಾನೇ.

ಈಗ ರಜೆಯ ದಿನಗಳಲ್ಲಿ ಆ ಕೋಣೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹಾಕುವುದು ನನ್ನ ಪಾಲಿನ ಕೆಲಸ. ಮೊನ್ನೆ ಪ್ಯಾಂಟಿನ ಅಳತೆ ಕೊಡಲು ಬಂದ ಅಪರಿಚಿತರೊಬ್ಬರು ಹೊತ್ತು ಹೋಗದೆ ಮಾತಿಗೆಳೆದರು.

"ಈ ಊರಲ್ಲಿ ಎರಡು ತಲೆ ನಾಣ್ಯ ಇದೆಯಂತಲ್ಲ ಸಾರ್. ಅದನ್ನಾದ್ರೂ ನಂಬಬಹುದು. ಆದ್ರೆ ಹೆಂಡತಿ ಜೀವಮಾನವಿಡೀ ಅದೇ ನಾಣ್ಯದಲ್ಲಿ ಟಾಸ್ ಹಾಕ್ತಿದ್ರೂ ಒಂದು ಸಲಾನೂ ತಿರುಗಿಸಿ ನೋಡದ ಗಂಡ ಒಬ್ಬ ಇದ್ದಾನಂತೆ. ಅಂಥವನು ಇರೋದಕ್ಕೆ ಸಾಧ್ಯವಾ, ನೀವೇ ಹೇಳಿ."

ಹೆಂಡತಿ ಟೇಪು ಹಿಡಿದವಳು ತಲೆ ಎತ್ತಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು.

ನಾನು ದಾರ ಕಚ್ಚಿ ಕತ್ತರಿಸಿ, ಗಂಭೀರವಾಗಿ ಹೇಳಿದೆ: "ನಾನೂ ಕೇಳಿದ್ದೀನಿ. ಕಣ್ಣಾರೆ ಕಂಡವರು ಮಾತ್ರ ಯಾರೂ ಇಲ್ಲ."