ಸೀರಿ ನೋಡಿ ಖರೆ ಹೇಳೂ ಕೆಲಸ

ಬನಹಟ್ಟ್ಯಾಗ ಒಬ್ಬ ಸಾವಕಾರ್ರ ಸೀರಿ ಅಂಗಡ್ಯಾಗ ನನ್ನ ಕೆಲಸ ಅಂದ್ರ, ನೇಕಾರರು ತಂದ ಸೀರಿ ಬಿಚ್ಚಿ, ಬೆಳಕಿಗೆ ಹಿಡದು, ತಪ್ಪು ಹುಡುಕಿ ಹೇಳೂದು. ಅಂದ ಮ್ಯಾಲ ವಾರಕ್ಕೊಬ್ಬರರೆ ನನ್ನ ಮ್ಯಾಲ ಸಿಟ್ಟಾಗಬೇಕಲ್ಲ? ಆಗತಾರ. ಆಗ್ಲಿ ಬಿಡ್ರಿ!

ಬಸ್‌ಸ್ಟ್ಯಾಂಡ್ ಕಂಡದ್ದು

ಸೇರಿದ ಹೊಸದರಾಗ ನನ್ನ ನಾಲಗಿಗೆ ಲಗಾಮು ಇರಲಿಲ್ಲ. ವಯಸ್ಸಾದ ನೇಕಾರರೊಬ್ಬರು ತಂದ ಸೀರಿ ಕಿಡಕ್ಯಾಗ ಹಿಡದೆ. ನೇಯ್ಗಿ ಭಾಳ ಸಡ್ಲಿತ್ತು.

"ಕಾಕಾ, ಇದರಾಗಿಂದ ಬಸ್‌ಸ್ಟ್ಯಾಂಡ್ ಕಾಣತೈತ್ರಿ" ಅಂದೆ.

"ಹಂಗಾರ ಮುಧೋಳ ಬಸ್ ಬಂದೈತೇನ ನೋಡವಾ, ನಾ ಹೊಂಟೆ" ಅಂದವ್ರ, ಸೀರಿ ಕಸಗೊಂಡು ಹೋಗೇಬಿಟ್ರು. ಮತ್ತ ಈ ಕಡೆ ಬರಲೇ ಇಲ್ಲ.

ಹೊಗಳಿ ಕೆಟ್ಟದ್ದು

ಸಾವಕಾರ್ರು ಕರದು, "ಇನ್ನೊಬ್ಬ ನೇಕಾರ ಬಿಟ್ಟು ಹೋದ್ರ ನೀವೂ ಅವನ ಹಿಂದ ಹೋಗ್ರಿ" ಅಂದ್ರು. ನನ್ನ ದುಡಿಮಿ ಮ್ಯಾಲನ ಮನಿ ನಡೀತಿತ್ತು. ಇನ್ನ ಮ್ಯಾಲ ಬರೇ ಹೊಗಳೂದು ಅಂತ ಠರಾಯಿಸಿದೆ.

ಮರುದಿನ ಚಿಮ್ಮಡದಿಂದ ಒಬ್ಬ ಸಣ್ಣ ವಯಸ್ಸಿನ ನೇಕಾರ ಬಂದ. "ಬಣ್ಣ ಭಾರಿ, ಅಂಚು ಭಾರಿ, ಸೆರಗಂತೂ ಏನ್ ಕೇಳ್ತಿ! ನಡುವ ಒಂದ್ ಗೆರಿ ಬಿದ್ದೈತಿ, ಏನೂ ಕೆಟ್ಟ ಕಾಣೂದಿಲ್ಲಪಾ" ಅಂದೆ. ಮುಂದಿನ ವಾರ ಹತ್ತು ಸೀರಿ ತಂದ. ಹತ್ತರಾಗೂ ಗೆರಿ!

"ಅಕ್ಕಾರ, ನಿಮಗ ಸೇರಿತಂತ ಹಂಗ ಬಿಟ್ಟೇನ್ರಿ."

ತಪ್ಪು ಅವಂದಲ್ಲ, ನಂದು. ಚಾ ಕೊಟ್ಟು, ಬಾಜೂ ಕುಂದರಿಸಿ, "ನಿನ್ನ ಕೈ ಛಲೋ ಐತಿ. ಆದ್ರ ಈ ಹತ್ತೂ ನಾ ತಗೊಳ್ಳೂದಿಲ್ಲ. ಎಳಿ ಹರದ ಕೂಡ್ಲೆ ಮಗ್ಗ ನಿಲ್ಲಸು, ಗೆರಿ ಬೀಳೂದಿಲ್ಲ" ಅಂದೆ.

"ಮೊದಲ ಹಿಂಗ ಅಂದಿದ್ರ ಹತ್ತೂ ಉಳೀತಿದ್ವಲ್ರಿ!" ಅಂತ ನನಗ ಬೈದು ಹೋದ, ಆದ್ರ ನಮ್ಮನ್ನ ಬಿಡಲಿಲ್ಲ.

ಸಾವಕಾರ್ರ ಸೀರಿ

ಮೊನ್ನೆ ಸಾವಕಾರ್ರೇ ಒಂದು ಸೀರಿ ತಂದ್ರು. ಡಿಸೈನ್ ಅವರ್ದ. ಹಳದಿ ಮೈ, ಗಿಳಿಹಸಿರು ಅಂಚು, ಅದರ ಮ್ಯಾಲ ಗೇಣುದ್ದ ನವಿಲು. ಕಾರಕೂನ ಭಾರಿ ಅಂದ, ಡ್ರೈವರ್ ಭಾರಿ ಅಂದ. ಆಮ್ಯಾಲ ಸಾವಕಾರ್ರು ನನ್ನ ಕಡೆ ತಿರಗಿದ್ರು.

ನಾನೂ ಭಾರಿ ಅಂದಿದ್ರ ಕೆಲಸ ಉಳೀತಿತ್ತು. ಆದ್ರ ನೇಕಾರಗ ಖರೆ, ಸಾವಕಾರಗ ಸುಳ್ಳು? ಅದು ನನ್ನ ಕಡಿಂದ ಆಗೂದಿಲ್ಲ. ಹೋದ್ರ ಹೋಗ್ಲಿ!

"ಸಾವಕಾರ್ರ, ನೇಯ್ಗಿ ಒಂದನಂಬರ್ ಐತ್ರಿ. ಆದ್ರ ಈ ಬಣ್ಣದಾಗ ಯಾರೂ ಉಡೂದಿಲ್ರಿ. ಹಳದಿ ತಗೀರಿ, ನವಿಲು ಸಣ್ಣದ ಮಾಡ್ರಿ."

ಕಾರಕೂನ ಕಣ್ಣು ಮುಚ್ಚಿದ. ಸಾವಕಾರ್ರು ಸೀರಿ ಮಡಚಿ, ಉಸ್ಸಂತ ಕುಂತ್ರು.

"ನಿನ್ನಿ ನಮ್ಮ ಮನಿಯಾಕಿಗೆ ತೋರಿಸಿದೆ. ಇದನ್ನ ನೋಡಿದ್ರ ಎಮ್ಮಿನೂ ಹಾಲು ಬಿಡೂದಿಲ್ಲ ಅಂದ್ಲು. ನೀವು ಬರೇ ಬಣ್ಣ, ನವಿಲು ಬದಲಸ್ರಿ ಅಂತೀರಿ. ಇಷ್ಟು ಮೆತ್ತಗ ಖರೆ ಹೇಳೂರು ನನಗ ಎಲ್ಲಿ ಸಿಗತಾರ? ಬದಲಸ್ತೇನಿ ತಗೋರಿ, ಆದ್ರ ನೀವು ಮಾತ್ರ ಕೆಲಸ ಬಿಟ್ಟು ಹೋಗಬ್ಯಾಡ್ರಿ!"