ವಿಸಿಆರಿಗೆ ವಾರಬಂದಿ

ಶಹಾಪುರದ ಬಿಸಿಲು ಮನುಷ್ಯರಿಗೆ ಏನೂ ಮಾಡುವುದಿಲ್ಲ, ಅದು ಬಡಿಯುವುದು ಯಂತ್ರಗಳಿಗೆ ಮಾತ್ರ ಎಂದು ನಂಬಿದ ಒಬ್ಬನೇ ಒಬ್ಬ ಮನುಷ್ಯ ಈ ಭೂಮಿಯ ಮೇಲಿದ್ದರೆ ಅವನು ನಮ್ಮ ಕಾಕಾ! ಏಪ್ರಿಲ್ ತಿಂಗಳ ಮಧ್ಯಾಹ್ನ, ಓಣಿಯ ನಾಯಿ ಕೂಡ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ ಅವನು ಬರಿತಲೆಯಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬರುತ್ತಿದ್ದ. ಬಂದವನು ನೀರು ಕುಡಿಯುತ್ತಿದ್ದನೆ? ಇಲ್ಲ. ಕಾಲು ತೊಳೆಯುತ್ತಿದ್ದನೆ? ಅದೂ ಇಲ್ಲ. ನೆಟ್ಟಗೆ ಪಡಸಾಲೆಗೆ ಹೋಗಿ ವಿಸಿಆರಿನ ನೆತ್ತಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ನೀರಿನ ತಂಬಿಗೆ ಹಿಡಿದುಕೊಂಡು ಹಿಂದೆ ನಿಂತಿರುತ್ತಿದ್ದಳು.

“ಮಕ್ಕಳಿಗಿ ಜ್ವರ ಬಂದಾಗ ಒಂದ್ ದಿನಾನೂ ಹಿಂಗ ಹಣಿ ಮುಟ್ಟಿ ನೋಡಿಲ್ಲ ಈ ಮನಷ್ಯಾ,” ಎನ್ನುತ್ತಿದ್ದಳು.

“ಮಕ್ಕಳಾದ್ರ ಅಳ್ತಾವ, ಗೊತ್ತಾಗ್ತದ. ಇದು ಮೂಕ ಜೀವ,” ಎನ್ನುತ್ತಿದ್ದ ಕಾಕಾ.

ಕಾಕಾನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ದಕ್ಷಿಣದ ಓದುಗರು ಹುಬ್ಬೇರಿಸಬಾರದು. ನಮ್ಮ ಕಡೆ ಬಹುವಚನ ಸಾಹೇಬರಿಗೆ, ಏಕವಚನ ಜೀವದವರಿಗೆ.

ಆ ವಿಸಿಆರ್ ಮನೆಗೆ ಬಂದದ್ದಕ್ಕೆ ಒಂದು ಕಾರಣವಿತ್ತು. ಕಾಕಾ ತನ್ನ ಮಗಳ ಮದುವೆಗೆ ವಿಡಿಯೋ ತೆಗೆಸಿದ್ದ. ಮರುವರ್ಷವೇ ನನ್ನ ಅಪ್ಪ, ಅಂದರೆ ಕಾಕಾನ ಅಣ್ಣ, ತೀರಿಹೋದ. ಆ ಕ್ಯಾಸೆಟ್ಟಿನಲ್ಲಿ ಊಟದ ಪಂಕ್ತಿಯ ನಡುವೆ ಅಪ್ಪ ಸ್ವಲ್ಪ ಹೊತ್ತು ಓಡಾಡುತ್ತಾನೆ, ಮಾತಾಡುತ್ತಾನೆ. ಅವನ ದನಿ ಉಳಿದದ್ದು ಅಲ್ಲಿ ಮಾತ್ರ. ಅದಕ್ಕಾಗಿ ಕಾಕಾ, ಸುರಪುರದಲ್ಲಿ ವಿಡಿಯೋ ಅಂಗಡಿ ಮುಚ್ಚುತ್ತಿದ್ದ ಒಬ್ಬರಿಂದ ಹಳೆಯ ವಿಸಿಆರ್ ಕೊಂಡು, ಎದೆಗವಚಿಕೊಂಡು ಬಸ್ಸಿನಲ್ಲಿ ಬಂದ. ಎಂಜಿನ್ನಿನ ಪಕ್ಕ ಸೀಟು ಖಾಲಿ ಇದ್ದರೂ ಕೂಡಲಿಲ್ಲವಂತೆ. ಅಲ್ಲಿ ಕಾವು! ದಾರಿಯುದ್ದಕ್ಕೂ ನಿಂತೇ ಬಂದ. “ಅಣ್ಣ ಸತ್ತು ವರ್ಷ ತುಂಬಿಲ್ಲ, ಇವಗ ಸಿನಿಮಾ ಹುಚ್ಚು ಹಿಡದಾದ ನೋಡ್ರಿ,” ಎಂದು ಓಣಿಯವರು ಆಡಿಕೊಂಡರು.

ಆದರೆ ನನ್ನ ಅವ್ವ ಆ ಕ್ಯಾಸೆಟ್ಟು ನೋಡಲು ಬರಲಿಲ್ಲ. ನಮ್ಮ ಮನೆ ಹಿಂದಿನ ಓಣಿಯಲ್ಲೇ ಇತ್ತು. ಕಾಕಾ ಹೋಗಿ ಕರೆದ. “ಸತ್ತವರನ್ನ ಡಬ್ಬ್ಯಾಗ ಓಡಾಡಸಬಾರದು ತಮ್ಮಾ,” ಅಂದಳು ಅವ್ವ. ಕಾಕಾ ವಾದ ಮಾಡಲಿಲ್ಲ.

“ಆಗ್ಲಿ ವೈನಿ. ನಿಮಗ ಯಾವಾಗ ಮನಸಾಗ್ತದ ಆವಾಗ ಬರ್ರಿ. ಅಲ್ಲೀತನಕ ಅಣ್ಣನ್ನ ಜ್ವಾಕಿ ಮಾಡೋದು ನನ್ನ ಕೆಲಸ.”

ಮಷಿನ್ ತಂದ ವಾರದಲ್ಲೇ ಅದು ಒಂದು ಬಾಡಿಗೆ ಸಿನಿಮಾದ ಕ್ಯಾಸೆಟ್ಟನ್ನು ನುಂಗಿತು. ಬಾಯಿಯೊಳಗೆ ಬೆರಳು ಹಾಕಿ ಎಳೆದರೆ ಕಪ್ಪು ಶಾವಿಗೆಯಂತೆ ಟೇಪು ಬಂದೇ ಬಂತು. ರಿಪೇರಿಯವನು ಬಿಚ್ಚಿ ನೋಡಿ, “ಬಾಳ ಕಾದ್ರ ಹಿಂಗ ನುಂಗ್ತಾವ್ರಿ ಇವು,” ಅಂದ. ಅಷ್ಟೇ ಸಾಕಾಯಿತು. ನಾಳೆ ಇದು ಅಣ್ಣನನ್ನೇ ನುಂಗಿದರೆ? ಕಾವಿನ ಬಗ್ಗೆ ಕಾಕಾನಿಗೆ ಮೊದಲೇ ಇದ್ದ ಅಂಜಿಕೆ ಅಂದಿನಿಂದ ಹಗೆಯಾಯಿತು.

“ಗುಲ್ಬರ್ಗಾಕ್ಕ ಒಯ್ದು ಇನ್ನೊಂದು ಕಾಪಿ ಮಾಡಸು ಕಾಕಾ,” ಎಂದು ನಾನು ಬುದ್ಧಿ ಹೇಳಿದೆ. ಆಗ ನಾನು ಬಳಿಚಕ್ರದ ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ಕಂಡವರಿಗೆಲ್ಲ ಬುದ್ಧಿ ಹೇಳುವ ವಯಸ್ಸು.

“ಈ ಬಿಸಲಾಗ ಬಸ್ಸಿನಾಗ ಕ್ಯಾಸೆಟ್ ಕರಗಿತಂದ್ರ ನಿಮ್ಮಪ್ಪನ್ನ ಯಾವ ಚರಗ್ಯಾಗ ತುಂಬಿಕೊಂಡು ಬರ್ಲವ್ವಾ?” ಎಂದು ಕೇಳಿದ.

ಮೊದಲ ಪೆಟ್ಟು ಬಿದ್ದದ್ದು ಚಿಗವ್ವನ ಕಸೂತಿಯ ಮೇಲೆ. ಟಿವಿಗೂ ವಿಸಿಆರಿಗೂ ಅವಳು ಗಿಳಿ, ನವಿಲು ಹೆಣೆದ ಹೊದಿಕೆ ಹಾಕಿದ್ದಳು. ಕಾಕಾ ಅವನ್ನು ಕಿತ್ತು ಕೈಗೆ ಕೊಟ್ಟ. “ಬ್ಯಾಸಗ್ಯಾಗ ಕೌದಿ ಹೊಚ್ಚಿ ಮಲಗತೀಯೇನು ನೀ?” ನಂತರ, ಝಳ ಹತ್ತಬಾರದೆಂದು ನಾವು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತೇವಲ್ಲ, ಅದನ್ನು ವಿಸಿಆರಿನ ಮಗ್ಗುಲಲ್ಲೂ ಇಟ್ಟ. ನಗಬೇಡಿ! ಇಟ್ಟಷ್ಟು ದಿನ ಮಷಿನ್ನಿಗೆ ಏನೂ ಆಗಲಿಲ್ಲ. ಉಳ್ಳಾಗಡ್ಡಿ ಮಾತ್ರ ಮೊಳಕೆ ಒಡೆಯಿತು.

ಕಾಕಾನ ನೌಕರಿ ಕಾಲುವೆ ಇಲಾಖೆಯಲ್ಲಿ. ಗೇಟು ಎತ್ತುವುದು, ಇಳಿಸುವುದು, ನೀರಿಗಾಗಿ ಬಡಿದಾಡುವ ರೈತರನ್ನು ಬಿಡಿಸುವುದು. ಜಗತ್ತಿನಲ್ಲಿ ಅವನಿಗೆ ತಿಳಿದಿದ್ದ ಶಾಸ್ತ್ರ ಒಂದೇ, ಕಾಲುವೆಶಾಸ್ತ್ರ.

“ಗಾಳೀನೂ ನೀರಿನಂಗ,” ಎಂದು ನನ್ನನ್ನು ಕೂಡಿಸಿಕೊಂಡು ಪಾಠ ಮಾಡಿದ. “ಒಳಗ ಬರಾಕ ಒಂದು ದಾರಿ, ಹೊರಗ ಹೋಗಾಕ ಒಂದು ದಾರಿ ಬೇಕು. ಹೋಗಾಕ ದಾರಿ ಇಲ್ಲಂದ್ರ ನಿಂತಲ್ಲೇ ನಿಂತು ಹೊಲ ಸವಳಾಗ್ತದ. ಈ ಮಷಿನ್‌ದೂ ಅದೇ ಹಣೇಬಾರ.”

ಮಾತು ಸರಿಯಾಗಿಯೇ ಇತ್ತು. ಆದರೆ ಕಾಕಾ ಬರೀ ಮಾತಿಗೆ ನಿಲ್ಲುವವನಲ್ಲ. ಮರುದಿನ ಸುತ್ತಿಗೆ, ಉಳಿ ತಂದು ವಿಸಿಆರಿನ ಹಿಂದಿನ ಗೋಡೆಗೆ ತೂತು ಕೊರೆದ! ಆ ಗೋಡೆಯ ಆಚೆ ನೆರೆಮನೆಯವರ ಎಮ್ಮೆ ಕಟ್ಟುವ ಜಾಗ. ಕಾವು ಹೊರಗೆ ಹೋಯಿತೋ ಇಲ್ಲವೋ ಕಾಣೆ, ಎಮ್ಮೆಯ ಮೂಗು ಒಳಗೆ ಬಂತು. ಸಿನಿಮಾದಲ್ಲಿ ನಾಯಕಿ ಹಾಡುವಾಗೆಲ್ಲ ಹಿಂದಿನಿಂದ ಬುಸ್ ಎಂದು ಉಸಿರು ಕೇಳುತ್ತಿತ್ತು. ನೆರೆಮನೆಯಾಕೆ ಜಗಳಕ್ಕೆ ಬಂದಳು. “ನಿಮ್ ಸಿನಿಮಾ ಕೇಳಿ ನಮ್ ಎಮ್ಮಿ ಹಾಲು ಏರಸಾಕತ್ತದರಿ, ಹಿಂಡಾಕ ಕುಂತ್ರ ಒಂದ್ ಹನಿ ಬಿಡವಲ್ದು.” ಕಾಕಾ ಶಾಂತವಾಗಿ, “ಹಂಗಾದ್ರ ಭಕ್ತಿ ಸಿನಿಮಾ ತರ್ತೀವಿ ತಗೋವ್ವಾ,” ಅಂದ.

ತೂತಿಗಿಂತ ದೊಡ್ಡದು ವಾರಬಂದಿ. ಕಾಲುವೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ಬಂದ್ ಮಾಡುವ ಪಾಳಿಗೆ ನಮ್ಮ ಕಡೆ ವಾರಬಂದಿ ಎನ್ನುತ್ತಾರೆ. ಕಾಕಾ ಅದನ್ನು ವಿಸಿಆರಿಗೂ ಜಾರಿ ಮಾಡಿದ. ಅರ್ಧ ತಾಸು ಚಾಲು, ಅರ್ಧ ತಾಸು ಬಂದ್. ರವಿವಾರ ಓಣಿಯೆಲ್ಲ ಪಡಸಾಲೆಯಲ್ಲಿ ಸೇರಿ ಸಿನಿಮಾ ನೋಡುತ್ತಿತ್ತು. ಖಳನಾಯಕ ಕತ್ತಿ ಎತ್ತಿದ್ದಾನೆ, ನಾಯಕನ ತಾಯಿಯನ್ನು ಕಂಬಕ್ಕೆ ಕಟ್ಟಿದ್ದಾನೆ, ಮುದುಕಿಯರು ಸೆರಗು ಬಾಯಿಗಿಟ್ಟುಕೊಂಡಿದ್ದಾರೆ. ಟಕ್! ಕಾಕಾ ಎದ್ದು ಬಂದ್ ಮಾಡಿದ.

“ಕಾಕಾ, ಆ ತಾಯಿ ಜೀವ ಹೋಗ್ತದ್ರಿ,” ಎಂದು ಯಾರೋ ಅಂಗಲಾಚಿದರು.

“ಎಲ್ಲಿ ಹೋಗ್ತದ? ಪಾಳಿ ಬಂದಾಗ ನೋಡಮಂತ. ಕಾಲುವಿ ಕಡೀ ತುದಿ, ಟೇಲ್ ಎಂಡಿನ ರೈತರು ನೀರಿಗಿ ತಿಂಗಳಗಟ್ಲೆ ಕಾಯ್ತಾರ, ನಿಮಗ ಅರ್ಧ ತಾಸು ಆಗಂಗಿಲ್ಲೇನು?”

ಬಂದ್ ಇದ್ದ ಅರ್ಧ ತಾಸಿನಲ್ಲಿ ಜನ ಮನೆಗೆ ಹೋಗಿ ರೊಟ್ಟಿ ಬಡಿದು ಬರುತ್ತಿದ್ದರು. ಉಳಿದವರು ಮುಂದಿನ ಕಥೆಯನ್ನು ತಾವೇ ಕಟ್ಟುತ್ತಿದ್ದರು. ಎಷ್ಟೋ ಸಲ ಸಿನಿಮಾದ ಕಥೆಗಿಂತ ಇವರದೇ ಚೆನ್ನಾಗಿರುತ್ತಿತ್ತು. ಅಷ್ಟು ಹೊತ್ತೂ ಕಾಕಾ ಬೀಸಣಿಕೆ ಹಿಡಿದು ಮಷಿನ್ನಿಗೆ ಗಾಳಿ ಹಾಕುತ್ತಿದ್ದ. ಬೆವರಿನಲ್ಲಿ ಅದ್ದಿಹೋದ ಜನರ ಕಡೆ ಆ ಬೀಸಣಿಕೆ ಅಪ್ಪಿತಪ್ಪಿಯೂ ತಿರುಗಲಿಲ್ಲ.

ಹೀಗಿರುವಾಗ ನನ್ನ ಮದುವೆ ಗೊತ್ತಾಯಿತು. ಅಪ್ಪ ಇರಬೇಕಿತ್ತು ಎಂದು ಒಂದು ಸಂಜೆ ನಾನು ಅತ್ತೆ. ಅವ್ವ ಸೆರಗಿನಿಂದ ನನ್ನ ಕಣ್ಣೊರೆಸಿ, “ನಿಮ್ಮ ಕಾಕಾಗ ಹೇಳು, ನಾಳಿ ಬರ್ತೀನಂತ,” ಅಂದಳು.

ಕಾಕಾನ ಸಂಭ್ರಮ ಕೇಳಬೇಕೆ? ಇಷ್ಟು ವರ್ಷ ಕಾಪಾಡಿದ್ದು ಈ ದಿನಕ್ಕೇ ಅಲ್ಲವೆ! ಇವತ್ತು ಮಷಿನ್ನಿಗೆ ಒಂದಿಷ್ಟೂ ಕಾವು ತಾಗಬಾರದೆಂದು ಪಣತೊಟ್ಟ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಒದ್ದೆ ಗೋಣಿಚೀಲ ಸುತ್ತುತ್ತೇವೆ, ನೀರು ತಣ್ಣಗಿರುತ್ತದೆ. ಕಾಕಾ ಅದೇ ರೀತಿ ವಿಸಿಆರಿಗೆ ಬೆಳಗಿನಿಂದ ಒದ್ದೆ ಗೋಣಿಚೀಲ ಹೊದಿಸಿದ. ಕಿಟಕಿಗೂ ಒದ್ದೆ ಚೀಲ. ಸಾಲದ್ದಕ್ಕೆ ಯಾರದೋ ಕೂಲರ್ ತಂದು ನೀರು ತುಂಬಿ ಮಷಿನ್ನಿನ ಮುಖಕ್ಕೇ ಹಚ್ಚಿದ. ಪಡಸಾಲೆ ಎಷ್ಟು ತಂಪಾಯಿತೆಂದರೆ, ಚಿಗವ್ವ ಮೇ ತಿಂಗಳಲ್ಲಿ ಶಾಲು ಹೊದ್ದು ಕೂತಳು.

ಅವ್ವ ಬಂದಳು. ಚಾಪೆಯ ತುದಿಯಲ್ಲಿ ಕೂತಳು. ಕಾಕಾ ಚೀಲ ತೆಗೆದು ಮಷಿನ್ ಒರೆಸಿ, ಕೈಮುಗಿದು, ಗುಂಡಿ ಒತ್ತಿದ. ಮಷಿನ್ ಮಿಸುಕಲಿಲ್ಲ. ಅದರ ಮುಖದ ಮೇಲೆ ನಾವು ಎಂದೂ ನೋಡಿರದ ಒಂದು ಸಣ್ಣ ದೀಪ ಹತ್ತಿಕೊಂಡಿತು. ಮತ್ತೆ ಒತ್ತಿದ, ಮತ್ತೆ ಒತ್ತಿದ. ದೀಪ ಬಿಟ್ಟರೆ ಬೇರೇನೂ ಇಲ್ಲ.

ಅವ್ವ ಕಾದಳು. ಆಮೇಲೆ ನಿಧಾನವಾಗಿ ಎದ್ದಳು. “ಅವರಿಗೇ ಮನಸಿಲ್ಲ, ಬಿಡು ತಮ್ಮಾ,” ಎಂದು ಚಪ್ಪಲಿ ಮೆಟ್ಟಿ ಹೋದಳು. ಕಾಕಾ ಅಂದು ಊಟ ಮಾಡಲಿಲ್ಲ. ಮಷಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತವನನ್ನು ಎಬ್ಬಿಸಲು ಚಿಗವ್ವನಿಂದಲೂ ಆಗಲಿಲ್ಲ. ನನಗೆ ಅವನನ್ನು ನೋಡಿ ಮೊದಲ ಸಲ ನಗು ಬರಲಿಲ್ಲ.

ಮರುದಿನ ರಿಪೇರಿಯವನು ಬಂದ. ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ, ಕಾಕಾನ ಮುಖ ನೋಡಿದ.

“ಒಳಗೆಲ್ಲಾ ಇಬ್ಬನಿ ಬಿದ್ದಾದ್ರಿ. ಹಸಿ ಇದ್ರ ಟೇಪ್ ಅಂಟಿ ಹರೀತದ ಅಂತ ಅದು ತಾನೇ ಬಂದ್ ಆಗ್ಯಾದ. ಈ ದೀಪ ಅದಕ್ಕೇ ಇರೋದು.”

“ಅಂದ್ರ ಸೆಕಿ ಅಲ್ಲ?”

“ಸೆಕಿ ಎಲ್ಲೀದ್ರಿ ಮಾಲಕ? ನೆಗಡಿ ಆಗ್ಯಾದ ಇದಕ್ಕ. ಮುಚ್ಚಳ ತೆಗದು ಸ್ವಲ್ಪ ಹೊತ್ತು ಬಿಸಲಿಗಿಡ್ರಿ.”

ಶಹಾಪುರದ ಬಿಸಿಲಲ್ಲಿ! ಕಾಕಾ ಇಡೀ ಜೀವಮಾನ ಯಾವ ವೈರಿಯ ಜೊತೆ ಹೋರಾಡಿದ್ದನೋ ಅವನ ಮನೆಗೇ ಮಗುವನ್ನು ಆರೈಕೆಗೆ ಕಳಿಸುವುದೆ? ಆದರೆ ಗತಿ ಏನಿದೆ. ಅಂದು ಚಿಗವ್ವ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಹಪ್ಪಳ, ಸಂಡಿಗೆ ಒಣಹಾಕಿದ್ದಳು. ಅದೇ ಸೀರೆಯ ಒಂದು ಮೂಲೆಯಲ್ಲಿ ವಿಸಿಆರೂ ಒಣಗತೊಡಗಿತು. ಕಾಕಾ ಪಕ್ಕದಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತ, ನಡುನಡುವೆ ಕೊಡೆ ಅಡ್ಡ ಹಿಡಿಯುತ್ತ, ಮತ್ತೆ ರಿಪೇರಿಯವನ ಮಾತು ನೆನೆದು ಕೊಡೆ ತೆಗೆಯುತ್ತ ಕೂತ.

ಅವ್ವ ಹಪ್ಪಳಕ್ಕೆ ಕೈ ಹಚ್ಚಲು ಬಂದವಳು ಮಾಳಿಗೆ ಹತ್ತಿ ಇದನ್ನು ನೋಡಿದಳು.

“ಏನ್ ಮಾಡಾಕತ್ತೀ ತಮ್ಮಾ?”

“ಒಣಗಸಾಕತ್ತೀನಿ ವೈನಿ,” ಅಂದ ಕಾಕಾ, ತಲೆ ಎತ್ತದೆ. “ಅಣ್ಣಂದೇನೂ ತಪ್ಪಿಲ್ಲ. ನಾನೇ ಬಾಳ ತಂಪ ಮಾಡೀನಿ.”

ಅವ್ವ ಹಪ್ಪಳ ನೋಡಿದಳು, ವಿಸಿಆರ್ ನೋಡಿದಳು, ಕೋಲು ಹಿಡಿದ ಮೈದುನನನ್ನು ನೋಡಿದಳು. ಆಮೇಲೆ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದರೂ ನಿಲ್ಲದ ನಗು. ಅಪ್ಪ ಹೋದ ಮೇಲೆ ಅವ್ವ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಕ್ಕು ಸಾಕಾಗಿ ಕಣ್ಣೊರೆಸಿಕೊಂಡು, “ಒಣಗಿದ್ರ ಕೆಳಗ ತಗೊಂಡು ನಡಿ. ನೋಡ್ತೀನಿ,” ಅಂದಳು.

ಈ ಸಲ ಚೀಲವಿಲ್ಲ, ಕೂಲರ್ ಇಲ್ಲ. ಮಷಿನ್ ಗುರ್ ಎಂದು ಓಡಿತು. ಬ್ಯಾಂಡು ಬಂತು, ಅಕ್ಷತೆ ಬಿತ್ತು, ಊಟದ ಪಂಕ್ತಿ ಬಂತು. ಅಪ್ಪ ಬಂದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಹುಗ್ಗಿಯ ಬಕೆಟ್. ಮೊದಲು ವಿಡಿಯೋದವನನ್ನು ಗದರಿಸಿದ. “ಏ ತಮ್ಮಾ, ಆ ದೀಪ ಅತ್ಲಾಗ ಹಿಡಿ. ಮಂದಿ ಉಣ್ಣಾಕತ್ತಾರ.” ಆಮೇಲೆ ಹೆಂಗಸರ ಗುಂಪಿನ ಕಡೆ ಕತ್ತು ಚಾಚಿ, ಯಾರನ್ನೋ ಹುಡುಕುತ್ತ ಕೇಳಿದ. “ಆಕಿ ಎಲ್ಲ್ಯದಾಳ? ಮುಂಜಾನಿಂದ ಏನೂ ಉಂಡಿಲ್ಲ ಆಕಿ. ಯಾರರ ಕರೀರಿ.” ಅಷ್ಟರಲ್ಲಿ ಯಾರೋ ಅಡ್ಡ ಬಂದರು. ಅಪ್ಪ ಮರೆಯಾದ.



“ಖರೇನ,” ಅಂದಳು ಅವ್ವ, ತನಗೆ ತಾನೇ. “ಅವತ್ತ ನಾ ಏನೂ ಉಂಡಿದ್ದಿಲ್ಲ. ಅವರಿಗಿ ಗೊತ್ತಿತ್ತು.” ಆಮೇಲೆ ಕಾಕಾನ ಕಡೆ ತಿರುಗಿದಳು. “ಇನ್ನೊಮ್ಮಿ ಹಚ್ಚು.”

ಕಾಕಾ ಹಿಂದಕ್ಕೆ ಓಡಿಸಿ ಹಚ್ಚಿದ. ಮುಗಿಯಿತು. ಮತ್ತೆ ಹಚ್ಚಿದ. ಚಿಗವ್ವ ಹೊತ್ತು ನೋಡಿ ಮೆಲ್ಲಗೆ, “ಪಾಳಿ ಮುಗದಾದ್ರಿ, ಮಷಿನ್ ಕಾದಿರ್ತದ,” ಎಂದು ನೆನಪಿಸಿದಳು. ಕಾಕಾ ಅದರ ನೆತ್ತಿಯ ಮೇಲೆ ಅಂಗೈ ಇಟ್ಟ. ಚುರ್ ಎಂದಿರಬೇಕು, ಕೈ ತಟ್ಟನೆ ಹಿಂದೆ ಬಂತು.

“ಕಾಯ್ಲಿ ಬಿಡು,” ಅಂದ.

ಓಣಿಗೆ ಓಣಿಯನ್ನೇ ಕಾಯಿಸಿದ ಮನುಷ್ಯ ಅಂದು ಯಾವ ಗೇಟನ್ನೂ ಇಳಿಸಲಿಲ್ಲ. ನನಗೆ ಎದ್ದು ಹೋಗಿ ಅವನ ಕಾಲು ಹಿಡಿಯಬೇಕೆನ್ನಿಸಿತು. ಆದರೆ ಅಷ್ಟರಲ್ಲಿ ಅಪ್ಪ ಮತ್ತೆ ಬಂದ, ಬಕೆಟ್ ಹಿಡಿದು, ಕತ್ತು ಚಾಚಿ.

“ಆಕಿ ಎಲ್ಲ್ಯದಾಳ?”

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಟಿವಿಯ ಕಡೆ ಸ್ವಲ್ಪ ಮುಂದೆ ಸರಿದಳು.

“ಇಲ್ಲೇ ಅದೀನ್ರಿ,” ಅಂದಳು.