ಕೊಸರು ಹಾಕಿದ ಕಂಪ್ಯೂಟರು

ಎಪ್ಪತ್ತರ ದಶಕದಲ್ಲಿ ಮಂಡ್ಯದ ಗುತ್ತಲಿನ ಒಂದು ಹೆಂಚಿನ ಶೆಡ್ಡಿನಲ್ಲಿ ನಾನು ಗುಮಾಸ್ತನಾಗಿದ್ದೆ. ಅಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ನಡೆಯದ ವಾರ ಏನೋ ಕೆಟ್ಟದ್ದು ಕಾದಿದೆ ಎಂದು ನಾವೇ ಹೆದರುತ್ತಿದ್ದೆವು.

ಶೆಡ್ಡಿನಲ್ಲಿ ನಡೆಯುತ್ತಿದ್ದ ಕೆಲಸ ಹೇಳಿದರೆ ಈಗಲೂ ಜನ ನಂಬುವುದಿಲ್ಲ. ಸಮುದ್ರದಾಚೆಯ ಒಂದು ಚಳಿದೇಶದ ಕಂಪನಿಯವರು ಕಂಪ್ಯೂಟರು ತಯಾರಿಸುತ್ತಿದ್ದರು. ಅದರ ಹೊಟ್ಟೆಯೊಳಗೆ ಕೂರುವ ಒಂದು ಭಾಗವನ್ನು ಕೈಯಲ್ಲೇ ಹೆಣೆಯಬೇಕು. ರಾಗಿಕಾಳಿಗಿಂತ ಸಣ್ಣ, ತೂತಿರುವ ಸಾವಿರಾರು ಕಪ್ಪು ಮಣಿಗಳನ್ನು ಕೂದಲೆಳೆಯಂಥ ತಂತಿಯಲ್ಲಿ ಸಾಲುಸಾಲಾಗಿ ಪೋಣಿಸಿ ಅಂಗೈಯಗಲದ ಚೌಕಟ್ಟಿಗೆ ಬಿಗಿಯಬೇಕು. ಅಲ್ಲಿ ಕೂಲಿ ಜಾಸ್ತಿ, ಇಲ್ಲಿ ಕಡಿಮೆ, ಅದಕ್ಕೆ ಕೆಲಸ ಗುತ್ತಲಿಗೆ ಬಂತು. ನಮ್ಮ ಮಾಲೀಕರು ಮಾತ್ರ "ನಮ್ಮ ಹೆಣ್ಮಕ್ಕಳ ಕೈಚಳಕ ಮೆಚ್ಚಿ ಕೊಟ್ಟವ್ರೆ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಆಗ ಅದು ಶುದ್ಧ ಸುಳ್ಳಾಗಿತ್ತು.

ಸಿಡಿಯದ ಸಾಸಿವೆ

ಮೊದಲ ಮಣಿಗಳ ಡಬ್ಬ ಬಂದಾಗ ಶೆಡ್ಡಿಗೆ ಇನ್ನೂ ಬೀಗ ಹಾಕಿಸಿರಲಿಲ್ಲ. ಮಾಲೀಕರು ಮದ್ದೂರಿನ ಗೌಡರ ಮನೆಯವರು, ಎಂಜಿನಿಯರಿಂಗ್ ಓದಿದವರು. ಜೋಪಾನವಾಗಿರಲಿ ಎಂದು ಡಬ್ಬವನ್ನು ಮನೆಗೆ ಒಯ್ದು ಅಡುಗೆಮನೆಯ ಗೂಡಿನಲ್ಲಿಟ್ಟರು. ಮಾರನೆಯ ದಿನ ಊಟಕ್ಕೆ ಕೂತಾಗ ಅವರ ತಾಯಿ ಗೊಣಗುತ್ತಲೇ ಬಡಿಸಿದರಂತೆ.

"ಎಂಥಾ ಸಾಸ್ವೆ ತಂದಿದ್ದೀಯಪ್ಪಾ, ಎಣ್ಣೆ ಕಾದು ಹೊಗೆ ಬಂದ್ರೂ ಒಂದೂ ಸಿಡೀನಿಲ್ಲ."

ಮಾಲೀಕರು ತಟ್ಟೆ ಬಿಟ್ಟೆದ್ದು ಗೂಡಿನ ಡಬ್ಬ ತೆರೆದು ನೋಡಿದರು. "ಅವ್ವಾ, ಅದು ಪರದೇಶದಿಂದ ಬಂದಿರದು" ಎಂದರು.

"ಅದ್ಕೇ ಮತ್ತೆ" ಎಂದರು ತಾಯಿ. "ಸಮುದ್ರದ್ ಗಾಳೀಗೆ ಮೆತ್ತಗಾಗದೆ. ಬಿಸ್ಲಲ್ಲಿ ಒಣ್ಗಾಕು."

ಕಣ್ಣು ಮುಚ್ಚಿದರೆ ಕಾಣುತ್ತದೆ

ಕೆಲಸಕ್ಕೆ ಹೆಂಗಸರನ್ನು ಆರಿಸುವುದು ಹೇಗೆಂದು ಕಂಪನಿಯವರು ನಾಲ್ಕು ಪುಟ ಬರೆದು ಕಳಿಸಿದ್ದರು. ಮಾಲೀಕರು ಅದನ್ನು ಮಡಚಿ ಜೇಬಿಗಿಟ್ಟು, ಬಂದವರ ಮುಂದೆಲ್ಲ ಒಂದೊಂದು ಹಿಡಿ ಮಲ್ಲಿಗೆ ಮೊಗ್ಗು ಸುರಿದು "ಕಟ್ಟಿ" ಎಂದರು. ಬೇಗ ಕಟ್ಟಿದವರು, ಒಂದು ಮೊಗ್ಗನ್ನೂ ನಲುಗಿಸದವರು ಪಾಸು.

ಹೀಗೆ ಬಂದವಳು ಹಲಗೂರಕ್ಕ. ಹೆಸರು ಬೇರೆ ಇತ್ತು, ಹಲಗೂರಿನ ಕಡೆಯವಳೆಂದು ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಮಳವಳ್ಳಿ ಕಡೆ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆದವಳು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳಿಗೆ ಕೈ ಹಾಕಿ, ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಿ ಎಳೆಯುವ ಕೆಲಸ ಅದು. ಬೆರಳೆಲ್ಲ ಬೆಂದು ಬಿಳಿಚಿಕೊಂಡಿದ್ದವು. ಸೇರಿದ ದಿನವೇ ನನಗೆ ಹೇಳಿದಳು: "ಅಯ್ನೋರೇ, ಈ ಕೆಲ್ಸ ನಿಲ್ಲಂಗ್ ನೋಡ್ಕಳಿ. ಆ ಬಿಸ್ನೀರ್‌ಗೆ ಮಾತ್ರ ನಾನಿನ್ ಕೈಯಿಕ್ಕಕಿಲ್ಲ."

ಉಳಿದವರು ಭೂತಗನ್ನಡಿಗೆ ಕಣ್ಣು ಅಂಟಿಸಿಕೊಂಡು ತಂತಿ ತೂರಿಸುತ್ತಿದ್ದರು. ಇವಳು ಸೂರು ನೋಡುತ್ತಾ, ಪಕ್ಕದವಳ ಜತೆ ಮಾತಾಡುತ್ತಾ ಪೋಣಿಸುತ್ತಿದ್ದಳು. "ನೋಡದೇ ಹೇಗಕ್ಕಾ?" ಎಂದರೆ, "ನೋಡುದ್ರೆ ಕೈ ಎದ್ರತದೆ" ಎಂದಳು.

ಈ ಮಣಿಗಳಿಂದ ಆಗುವುದೇನು ಎಂದು ಕೇಳಿದಳು. ನನಗೂ ಅರ್ಧಂಬರ್ಧ ಗೊತ್ತು. ಒಂದೊಂದು ಮಣಿಯೂ ಒಂದೊಂದು ವಿಷಯ ನೆನಪಿಟ್ಟುಕೊಳ್ಳುತ್ತದೆ, ಕರೆಂಟು ಹೋದರೂ ಮರೆಯುವುದಿಲ್ಲ ಎಂದೆ. ಅಕ್ಕ ಒಂದು ಮಣಿಯನ್ನು ಬೆರಳ ತುದಿಯಲ್ಲಿಟ್ಟುಕೊಂಡು ನೋಡಿದಳು.

"ಒಂದ್ ಸರ ನಮ್ಮನೇಗೂ ಕೊಡಿ ಅಯ್ನೋರೇ" ಎಂದಳು. "ನಮ್ಮೆಜಮಾನ್ರ ಕೊರಳಿಗ್ ಕಟ್ತೀನಿ. ಸಂತೆಗೋದ್ರೆ ಉಪ್ಪೊಂದ್ ಬಿಟ್ಟು ಎಲ್ಲಾ ತತ್ತಾರೆ."

ಭೂತಗನ್ನಡಿಗೆ ರಜೆ

ಕೆಲಸ ತಿದ್ದಿ, ಮೊದಲ ಕಂತು ಪರೀಕ್ಷೆ ಮಾಡಿ ಒಯ್ಯಲು ಕಂಪನಿಯಿಂದ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದವರು, ಅಲ್ಲಿ ಇದೇ ಪೋಣಿಸುವ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ನಮ್ಮವರು ಅವರನ್ನು ದೊರೆಸಾನಮ್ಮ ಎಂದು ಕರೆದರು. ಅವರಿಗೂ ಇಂಗ್ಲಿಷು ಹುಟ್ಟುಭಾಷೆಯಲ್ಲ. ಅವರದು ಅರ್ಧ, ನನ್ನದು ಕಾಲು, ಉಳಿದದ್ದು ಕೈಸನ್ನೆ. ಅವರು "ಆಗಬಹುದು" ಎಂದು ಬರೆದುಕೊಟ್ಟರೆ ಕೆಲಸ ನಮ್ಮಲ್ಲಿ ಉಳಿಯುತ್ತದೆ, ಇಲ್ಲವಾದರೆ ಶೆಡ್ಡಿಗೆ ಬೀಗ. ಇದು ಎಲ್ಲರಿಗೂ ಗೊತ್ತಿತ್ತು.

ಅವರು ಮೊದಲ ದಿನ ಶೆಡ್ಡಿಗೆ ಕಾಲಿಟ್ಟಿದ್ದು ಆಯುಧಪೂಜೆಯಂದು. ಮೇಜಿನ ಮೇಲೆಲ್ಲ ಚೆಂಡುಹೂವು, ಬೂದುಗುಂಬಳಕಾಯಿ. ಅವರು ಯಾವುದನ್ನೂ ಗಮನಿಸದೆ ನೇರ ಹೋಗಿ ಭೂತಗನ್ನಡಿಗೆ ಕಣ್ಣಿಟ್ಟರು. ಇಟ್ಟವರೇ ಥಟ್ಟನೆ ಹಿಂದೆ ಸರಿದು ಕನ್ನಡಕ ತೆಗೆದು ಒರೆಸಿದರು, ಕಣ್ಣುಜ್ಜಿಕೊಂಡರು, ಮತ್ತೆ ಇಟ್ಟರು. ಗಾಜಿನ ನಟ್ಟನಡುವೆ ಹಲಗೂರಕ್ಕ ಧಾರಾಳವಾಗಿ ಕುಂಕುಮ ಇಟ್ಟಿದ್ದಳು.

ಅವರು ಅದನ್ನು ಒರೆಸಲು ಹೊರಟಾಗ ಹೆಂಗಸರೆಲ್ಲ ಅಡ್ಡ ನಿಂತರು. ಪೂಜೆಯಾದ ಉಪಕರಣವನ್ನು ಇವತ್ತು ಮುಟ್ಟುವಂತಿಲ್ಲ, ಅದಕ್ಕೆ ರಜೆ ಎಂದು ನಾನು ಹೇಗೋ ವಿವರಿಸಿದೆ.

"ಉಪಕರಣಕ್ಕೆ ರಜೆಯೇ?" ಎಂದು ಕೇಳಿದರು. ಹೌದೆಂದೆ. ಅವರು ಮಾಲೆ ಹಾಕಿಸಿಕೊಂಡು ಕೂತಿದ್ದ ಆ ಭೂತಗನ್ನಡಿಯನ್ನು ನೋಡಿ ಹೇಳಿದರು: "ಮೂವತ್ತು ವರ್ಷ ದುಡಿದಿದ್ದೇನೆ. ನನಗೆ ಯಾರೂ ಒಂದು ಹೂವು ಹಾಕಿಲ್ಲ."

ನಾನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಹಲಗೂರಕ್ಕ ಅವರ ಕೊರಳಿಗೊಂದು ಚೆಂಡುಹೂವಿನ ಹಾರ ಹಾಕಿ, ಹಣೆಗೆ ಕುಂಕುಮ ಇಟ್ಟು, "ಇವತ್ತು ನಿಮ್ಗೂ ರಜ, ಕೂತ್ಕಳಿ" ಎಂದಳು.

ಹದಿನಾರು ಚೌಕಟ್ಟು, ಹದಿನಾರು ಫೇಲು

ಒಂದು ತಿಂಗಳಾಯಿತು. ಹದಿನಾರು ಚೌಕಟ್ಟು ತಯಾರಾದವು. ಮಾರನೆಯ ದಿನ ದೊರೆಸಾನಮ್ಮ ಅವನ್ನು ಎತ್ತಿಕೊಂಡು ವಿಮಾನ ಹತ್ತಬೇಕು. ಬೆಳಿಗ್ಗೆ ಪರೀಕ್ಷೆಯ ಪೆಟ್ಟಿಗೆಗೆ ಜೋಡಿಸಿದರು. ಮೊದಲನೆಯದು ಫೇಲು. ಎರಡನೆಯದು ಫೇಲು. ಹದಿನಾರೂ ಫೇಲು. ಮಾಲೀಕರು ಗೋಡೆಗೊರಗಿ ಕೂತುಬಿಟ್ಟರು. ಹಲಗೂರಕ್ಕ ತನ್ನ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳು ನೆನೆಸಿಕೊಂಡದ್ದು ಆ ಬಿಸಿನೀರನ್ನೇ ಎಂದು ನನಗೆ ಗೊತ್ತಾಯಿತು.

ದೊರೆಸಾನಮ್ಮ ಭೂತಗನ್ನಡಿ ಹಿಡಿದು ಸಾಲು ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ನನ್ನನ್ನು ಕರೆದು, "ಪ್ರತಿಯೊಂದರಲ್ಲೂ ಅಂಚಿಗೆ ಒಂದು ಸಾಲು ಹೆಚ್ಚಿದೆ. ಅದು ಚೌಕಟ್ಟಿಗೆ ತಾಗಿ ಕರೆಂಟು ದಾರಿ ತಪ್ಪುತ್ತಿದೆ. ಯಾಕೆ ಹಾಕಿದರು?" ಎಂದರು.

ಕೇಳಿದೆ. ಹಲಗೂರಕ್ಕ ನನ್ನನ್ನೇ ಪೆದ್ದನನ್ನು ನೋಡುವಂತೆ ನೋಡಿದಳು. "ಕೊಸ್ರು ಕಣಯ್ನೋರೇ. ಮೊಳ ಹೂವ ಕೊಟ್ರೆ ಮ್ಯಾಲೆ ನಾಲ್ಕ್ ಬೆರಳು ಬುಡಕಿಲ್ವಾ? ಅಷ್ಟ್ ದೂರ್ದಿಂದ ನಂಬಿ ಕೆಲ್ಸ ಕೊಟ್ಟವ್ರೆ, ಅಳ್ದು ಕತ್ರಿಸಿ ಕೊಡಕಾಯ್ತದಾ?"

"ಮಣಿ ಎಲ್ಲಿಂದ ಬಂತು?"

"ಒಡ್ದೋಯ್ತವೆ ಅಂತ ಅವ್ರೇ ಜಾಸ್ತಿ ಕಳ್ಸಿದ್ರಲ್ಲ. ನಮ್ ಕೈಲಿ ಒಂದೂ ಒಡೀನಿಲ್ಲ. ನೆನ್ನೆ ಎಲ್ಲಾ ಮುಗುದ್ಮೇಲೆ ಮಿಕ್ಕಿದ್ದ ಆಕುದ್ವಿ. ಮಡಿಕಂಡ್ರೆ ಕಳ್ತನ ಆಗಕಿಲ್ವಾ?"

ಕೊಸರು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ನನಗೆ ತಿಳಿಯಲಿಲ್ಲ. "ಪ್ರೀತಿಗೆ, ಪುಕ್ಕಟೆ" ಎಂದೆ. ದೊರೆಸಾನಮ್ಮ ಒಂದು ಮಣಿಯೂ ಒಡೆಯಲಿಲ್ಲವೇ ಎಂದು ಮೂರು ಸಲ ಕೇಳಿದರು. ತಮ್ಮ ಕಡೆ ಹತ್ತಕ್ಕೊಂದು ಒಡೆಯುತ್ತದಂತೆ.

ಬಿಚ್ಚೋಣವೆಂದರೆ ಅಷ್ಟರಲ್ಲಿ ಕರೆಂಟು ಹೋಯಿತು. ಚಾಪೆಗಳನ್ನೆತ್ತಿಕೊಂಡು ಎಲ್ಲರೂ ಹೊರಗೆ ಹೊಂಗೆಮರದಡಿ ಕೂತರು. ಒಂದೆಳೆ ತಪ್ಪಿ ಎಳೆದರೂ ಚೌಕಟ್ಟು ಪೂರ್ತಿ ಹಾಳು. ಹಲಗೂರಕ್ಕ ಕಣ್ಣು ಮುಚ್ಚಿಕೊಂಡಳು. ಕುದಿನೀರಿನಲ್ಲಿ ಎಳೆ ಹುಡುಕಿದ್ದ ಆ ಬೆಂದ ಬೆರಳುಗಳು ಸಾಲಿನ ಮೇಲೆ ಹರಿದವು, ಒಂದು ಕಡೆ ನಿಂತವು, ತುದಿ ಸಿಕ್ಕಿತು. ಕೊಸರು ಸಾಲು ಇಡಿಯಾಗಿ ಜಾರಿ ಬಂದು ತಟ್ಟೆಗೆ ಬಿತ್ತು. ಉಳಿದ ಯಾವ ಮಣಿಯೂ ಮಿಸುಕಲಿಲ್ಲ. ದೊರೆಸಾನಮ್ಮ ತಮ್ಮ ಭೂತಗನ್ನಡಿಯನ್ನು ಮಡಿಲಿನಲ್ಲಿಟ್ಟು ಆ ಬೆರಳುಗಳನ್ನೇ ನೋಡುತ್ತಾ ಕೂತರು. ಕೈಚಳಕ ಮೆಚ್ಚಿ ಕೊಟ್ಟರೆಂಬ ಮಾಲೀಕರ ಮಾತು ಅವತ್ತಿನಿಂದ ನಿಜವಾಯಿತು.

ಸಂಜೆಗೆ ಕರೆಂಟು ಬಂತು, ಹದಿನಾರೂ ಪಾಸಾದವು. ದೊರೆಸಾನಮ್ಮ ವರದಿ ಬರೆದು ಸಹಿ ಮಾಡಿ ನನಗೆ ತೋರಿಸಿದರು. ಕೆಳಗೆ ಒಂದು ಸಾಲು ಸೇರಿಸಿದ್ದರು: "ಈ ಹೆಂಗಸರಿಗೆ ಹೆಚ್ಚು ಮಣಿ ಕಳಿಸಬೇಡಿ. ವಾಪಸು ಕೊಡುತ್ತಾರೆ."

ಮಡಿಲಕ್ಕಿ

ಆ ಸಂಜೆಯೇ ಹಲಗೂರಕ್ಕ ಕೇಳಿದಳು, ದೊರೆಸಾನಮ್ಮನ ಊರಿನಲ್ಲಿ ಈ ಕೆಲಸ ಮಾಡುವವರು ಎಷ್ಟು ಜನ ಎಂದು. ಅವರು ನಗುನಗುತ್ತಲೇ ಉತ್ತರ ಕೊಟ್ಟರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮೊನ್ನೆಯವರೆಗೆ ಒಂದು ಹಜಾರ ತುಂಬ ಇದ್ದರಂತೆ. ಈ ಹದಿನಾರೂ ಪಾಸಾದ್ದರಿಂದ ಕೆಲಸ ಪೂರ್ತಿ ಇಲ್ಲಿಗೆ ಬರುತ್ತದೆ, ಮುಂದಿನ ತಿಂಗಳು ಹಜಾರ ಮುಚ್ಚುತ್ತದೆ. ಅವರೂ ಮನೆಗೆ.

ಕೇಳಿದ್ದೇ ಹಲಗೂರಕ್ಕ ಎದ್ದು ಹೋದಳು. ಬೇಸರವಾಯಿತೇನೋ ಎಂದುಕೊಂಡೆ. ಅರ್ಧ ಗಂಟೆ ಬಿಟ್ಟು ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ, ಬಳೆ, ಒಂದು ರವಿಕೆಕಣ ಹಿಡಿದು ಬಂದಳು. ತವರಿನಿಂದ ಹೊರಡುವ ಮಗಳಿಗೆ ತುಂಬುವ ಹಾಗೆ ಮಡಿಲು ತುಂಬಬೇಕು. ದೊರೆಸಾನಮ್ಮನಿಗೆ ಸೆರಗಿಲ್ಲ. ಕೊನೆಗೆ ಅವರ ಲಂಗದಂಥ ಉಡುಪಿನ ಮೇಲೆ ಟವೆಲು ಹಾಸಿ, ಅದರಲ್ಲೇ ಅಕ್ಕಿ ಸುರಿದು ಗಂಟು ಕಟ್ಟಿದರು. ಅವರ ಕಣ್ಣಲ್ಲಿ ನೀರು, ನಮ್ಮವರ ಕಣ್ಣಲ್ಲೂ ನೀರು.

ಅಕ್ಕ ಮೂಗೊರೆಸಿಕೊಂಡು ನನಗೆ ಹೇಳಿದಳು: "ಕೆಲ್ಸ ಓದ್ರೆ ಓಯ್ತು, ಇಲ್ಗೇ ಬಂದ್ಬುಡು ಅನ್ನಿ. ಹೂವ ಕಟ್ಟದ ನಾನ್ ಕಲ್ಸ್ತೀನಿ. ಅವ್ಳ್ ಮೈಬಣ್ಣ ಅಂಗದೆ, ಮಂಡ್ಯ ಬಸ್‌ಸ್ಟ್ಯಾಂಡಲ್ಲಿ ಕೂತ್ರೆ ಹೂವೆಲ್ಲ ಗಳ್ಗೇಲಿ ಕರ್ಚಾಯ್ತದೆ."

ಹಲಗೂರಕ್ಕನಿಗೆ ವಿಮಾನ

ಕೆಲವು ವರ್ಷ ಶೆಡ್ಡು ಚೆನ್ನಾಗಿ ನಡೆಯಿತು. ಆಮೇಲೊಂದು ದಿನ ಕಂಪನಿಯಿಂದ ಕಾಗದ ಬಂತು. ಪೂರ್ವದ ಇನ್ನೊಂದು ದೇಶದಲ್ಲಿ ಕೂಲಿ ನಮ್ಮದಕ್ಕಿಂತಲೂ ಕಡಿಮೆಯಂತೆ. ಕೆಲಸ ಅಲ್ಲಿಗೆ ಹೋಗುತ್ತದೆ. ಅಲ್ಲಿನ ಹೆಂಗಸರಿಗೆ ಕಲಿಸಲು ನಿಮ್ಮಲ್ಲಿ ಅತ್ಯುತ್ತಮ ಕೈಯವರೊಬ್ಬರನ್ನು ಕಳಿಸಿಕೊಡಿ ಎಂದಿದ್ದರು.

ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆ. ಮಾಲೀಕರು ರೇಡಿಯೋ ಕಾಯಿಲ್ ಸುತ್ತುವ ಕೆಲಸ ಹಿಡಿಯುತ್ತೇನೆ, ಯಾರನ್ನೂ ಬಿಸಿನೀರಿಗೆ ಕಳಿಸುವುದಿಲ್ಲ ಎಂದು ಮಾತು ಕೊಟ್ಟರು. ಹಲಗೂರಕ್ಕ ಕೈಯಲ್ಲಿದ್ದ ಸಾಲು ಮುಗಿಸಿ, ಗಂಟು ಹಾಕಿ, ಆಮೇಲೆ ತಲೆಯೆತ್ತಿದಳು.

"ಓಯ್ತೀನಿ ಅಯ್ನೋರೇ. ಎಲ್ಲಾನೂ ಕಲ್ಸ್ತೀನಿ. ಎಳೆ ಇಡ್ಯದು, ಮಣಿ ಪೋಣ್ಸದು, ಗಂಟಾಕದು. ಕೊನೇಗೆ ಕೊಸ್ರು ಆಕದೂ ಕಲ್ಸ್ ಬತ್ತೀನಿ. ಎಲ್ಲಾ ಫೇಲಾಗ್ಲಿ, ಕೆಲ್ಸ ಒಂದೇ ತಿಂಗ್ಳಿಗೆ ಗುತ್ತಲಿಗ್ ವಾಪಸ್ ಬತ್ತದೆ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಾಲೀಕರು ಕಣ್ಣೊರೆಸಿಕೊಂಡು ನಕ್ಕರು. ಅಕ್ಕ ಮಾತ್ರ ನಗು ನಿಲ್ಲುವವರೆಗೆ ಕಾದಳು.

"ಆ ದೊರೆಸಾನಮ್ಮ ಅವತ್ತು ಫೇಲು ಅಂತ ಬರ್ಕಂಡ್ ಓಗಿದ್ರೆ ಅವ್ಳ್ ಕೆಲ್ಸ ಉಳೀತಿತ್ತು" ಎಂದಳು. "ಗೊತ್ತಿದ್ದೂ ಪಾಸು ಮಾಡುದ್ಲು. ಬುಡಿ, ನಾನೂ ನೆಟ್ಟಗೇ ಕಲ್ಸ್ತೀನಿ."

ಎಷ್ಟೋ ವರ್ಷದಿಂದ ನನ್ನ ಮುಂದೆಯೇ ಇದ್ದ ಈ ಸಂಗತಿ ಗುಮಾಸ್ತನಾದ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಒಪ್ಪಿಗೆಯೆಂದು ಕಂಪನಿಗೆ ಬರೆಯಲೇ ಎಂದು ಕೇಳಿದೆ.

"ಬರೀರಿ. ಆದ್ರೆ ಒಂದ್ ಮಾತು ಸೇರ್ಸಿ" ಎಂದಳು ಹಲಗೂರಕ್ಕ. "ಕೆಲ್ಸ ಕಿತ್ಕಂಡವ್ರು ಮಡ್ಲಕ್ಕಿ ತುಂಬ್ ಕಳ್ಸದು ನಮ್ ಕಂಪ್ನಿ ಪದ್ಧತಿ. ಅಲ್ಲೀ ಹೆಣ್ಮಕ್ಳೂ ನಂಗ್ ತುಂಬ್ಲಿ, ಅಕ್ಕಿ ಅಲ್ಲೀದೇ ಆಗ್ಲಿ, ಇಮಾನ್ದಲ್ಲಿ ಒತ್ಕಂಡ್ ಬತ್ತೀನಿ. ಮ್ಯಾಲೊಂದ್ ಇಡಿ ಕೊಸ್ರು ಮಾತ್ರ ಕೇಳ್ ಈಸ್ಕತ್ತೀನಿ."